ಕುರುವತ್ತಿಯ ಪರಮಯೋಗ, ಮೈಲಾರದ ಕಾರ್ಣಿಕ: ಪ್ರಜ್ಞೆಯ ಚರಿತ್ರೆಗೆ ವಿಜಯನಗರ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳ ಸಾಕ್ಷ್ಯ

ಕ್ರಿ.ಶ. 1068ರ ಮಾರ್ಚ್ ಕೊನೆಯಲ್ಲಿ ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರ ಹಡಗಲಿ ಸೀಮೆಯ ಕುರುವತ್ತಿಯಲ್ಲಿ ತುಂಗಭದ್ರೆಗಿಳಿದು ದೇಹ ಬಿಟ್ಟ. ವಾಸಿಯಾಗದ ಜ್ವರ ಇದಕ್ಕೆ ಕಾರಣವೆಂದು ಬಿಲ್ಹಣನ 'ವಿಕ್ರಮಾಂಕದೇವಚರಿತ' ಹೇಳುತ್ತದೆ. ಶಾಸನ ಈ ಸಾವನ್ನು ಪರಮಯೋಗವೆಂದು ದಾಖಲಿಸಿದೆ. ರಾಜಕೀಯ ಇತಿಹಾಸಕ್ಕೆ ಇದು ಒಬ್ಬ ದೊರೆಯ ಅಂತ್ಯ ಮಾತ್ರ. ಆದರೆ ಮನಸ್ಸನ್ನು ಶಿವನಲ್ಲಿ ನಿಲ್ಲಿಸಿ, ಎಚ್ಚರ ತಪ್ಪದೆ ಸಾವಿಗೆ ಎದುರಾಗಬಹುದೆಂಬ ನಂಬಿಕೆ ಆಗ ಸಿಂಹಾಸನದವರೆಗೂ ಮುಟ್ಟಿತ್ತು ಎಂಬುದು ಪ್ರಜ್ಞೆಯ ಚರಿತ್ರೆ ಬರೆಯುವವರಿಗೆ ದೊಡ್ಡ ಸಾಕ್ಷ್ಯ.

ಆ ನಂಬಿಕೆಗೆ ನೆಲ ಹದವಾಗಿತ್ತು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಹಳೆಯ ಜೈನ ಕೇಂದ್ರ. ಅಲ್ಲಿನ ಬಸದಿಯನ್ನು ಗಂಗರ ದುರ್ವಿನೀತ ಕಟ್ಟಿಸಿದನೆಂದು 1055ರ ಶಾಸನ ಹೇಳುತ್ತದೆ. ಜೈನರಿಗೆ ಚೇತನವೇ ಜೀವದ ಲಕ್ಷಣ. ಕೊನೆಯ ಉಸಿರಿನವರೆಗೂ ಅರಿವು ಕೆಡದಂತೆ ಕಾಯುವ ಸಲ್ಲೇಖನ ಅವರ ಕಠಿಣ ಸಾಧನೆ. ಕುರುವತ್ತಿ, ಹಡಗಲಿ ಕಡೆ ಕಾಳಾಮುಖ ಶೈವರ ನೆಲೆಗಳಿದ್ದವು. ಇವರ ವಿದ್ಯೆಯ ಹರವು ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನದಲ್ಲಿ ಕಾಣುತ್ತದೆ: ಲಾಕುಲ ಸಿದ್ಧಾಂತ, ಪಾತಂಜಲ ಯೋಗ, ಸಾಂಖ್ಯ, ಬೌದ್ಧ ದರ್ಶನ ಎಲ್ಲವೂ ಅಲ್ಲಿನ ಪಾಠದ ವಿಷಯಗಳು. ಎದುರಾಳಿಯ ದರ್ಶನವನ್ನೂ ಓದಿಯೇ ವಾದಕ್ಕಿಳಿಯುತ್ತಿದ್ದ ಕಾಲವದು.

ಮುಂದೆ ಉಜ್ಜಿನಿ, ಕೊಟ್ಟೂರು ವೀರಶೈವದ ದೊಡ್ಡ ಕ್ಷೇತ್ರಗಳಾದವು. ಉಜ್ಜಿನಿ ಪಂಚಪೀಠಗಳಲ್ಲಿ ಒಂದು. ಶಿವಯೋಗದಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಅದರ ನುಣುಪಾದ ಕಪ್ಪು ಮೈಮೇಲೆ ಅರೆಗಣ್ಣಿನ ನೋಟವನ್ನು ನೆಡುತ್ತಾರೆ. ದೃಷ್ಟಿ ನಿಂತರೆ ಉಸಿರು, ಉಸಿರು ನಿಂತರೆ ಮನಸ್ಸು ಎಂಬುದು ಅದರ ಕ್ರಮ. ಗುಡಿಗೆ ಹೋಗದೆ, ಪೂಜಾರಿಯ ಹಂಗಿಲ್ಲದೆ, ದೀಕ್ಷೆ ಪಡೆದ ಯಾರು ಬೇಕಾದರೂ ಮಾಡಬಹುದಾದ ಈ ಅಂಗೈ ಸಾಧನೆ ಧ್ಯಾನವನ್ನು ಮಠದ ಓದಿನಿಂದ ಮನೆಯ ಜಗಲಿಗೆ ತಂದಿತು. ಪ್ರಜ್ಞೆಯ ಚರ್ಚೆಗೆ ಕನ್ನಡ ನಾಡು ಕೊಟ್ಟ ಅತಿ ಮುಖ್ಯ ಕಾಣಿಕೆ ಇದೇ ಎಂದು ನಾನು ತಿಳಿಯುತ್ತೇನೆ.

ಇಷ್ಟಕ್ಕೇ ನಿಲ್ಲಿಸಿದರೆ ಚರಿತ್ರೆ ಅರ್ಧವಾಗುತ್ತದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಅರಿವನ್ನು ಹಿಡಿದಿಡುವುದಿಲ್ಲ, ದೇವರಿಗೆ ಬಿಟ್ಟುಕೊಡುತ್ತಾರೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಡೆಂಕನಮರಡಿಯಲ್ಲಿ, ದಿನಗಟ್ಟಲೆ ಉಪವಾಸವಿದ್ದ, ಮೈಲಾರಲಿಂಗನ ಭಕ್ತನಾದ ಗೊರವಯ್ಯ ಎತ್ತರದ ಬಿಲ್ಲನ್ನೇರುತ್ತಾನೆ. ಆಕಾಶ ದಿಟ್ಟಿಸಿ 'ಸದ್ದಲೇ' ಎಂದು ಗದರುತ್ತಾನೆ. ಡಮರುಗ ನಿಲ್ಲುತ್ತದೆ, ನೆರೆದ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಒಂದು ನುಡಿ, ಅದೇ ಕಾರ್ಣಿಕ; ಮರುಕ್ಷಣವೇ ಆತ ಹಿಂದಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ನುಡಿಯಿಂದ ರೈತರು ಮಳೆ ಬೆಳೆಯ ಲೆಕ್ಕ ಹಾಕುತ್ತಾರೆ. ಆಡಿದ್ದು ಗೊರವಯ್ಯನಲ್ಲ, ಮೈಲಾರಲಿಂಗ ಎಂಬುದು ಭಕ್ತರ ನಂಬಿಕೆ. ಹುಚ್ಚರಂತೆ ನಡೆದುಕೊಂಡು ಲೋಕದ ತಿರಸ್ಕಾರವನ್ನು ತಾನಾಗಿ ಪಡೆಯಬೇಕೆಂದು ಪ್ರಾಚೀನ ಪಾಶುಪತ ಸೂತ್ರಗಳು ಸಾಧಕನಿಗೆ ವಿಧಿಸಿದ್ದವು. ನಾಯಿಯಂತೆ ಬೊಗಳಿ, ದೋಣಿಗೆ ಬಾಯಿಟ್ಟು ಉಣ್ಣುವ ಗೊರವರ ಆಚರಣೆಯಲ್ಲಿ ಆ ಶೈವ ಪರಂಪರೆಯ ನೆನಪು ಉಳಿದಿರಬಹುದು ಎಂಬುದು ನನ್ನ ಊಹೆ. ಶಾಸನಗಳೂ ಶೈವ ತಪಸ್ವಿಗಳನ್ನು ಗೊರವರೆಂದೇ ಕರೆದಿವೆ.

ವಿಜ್ಞಾನ ಪ್ರಜ್ಞೆಯ ಅಧ್ಯಯನಕ್ಕೆ ತಡವಾಗಿ ಬಂತು. 1961ರಲ್ಲಿ ದೆಹಲಿಯ ಸಂಶೋಧಕರಾದ ಆನಂದ್, ಛೀನಾ, ಬಲದೇವ್ ಸಿಂಗ್ ಯೋಗಿಗಳ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದರು. ಬೆಳಕು, ಸದ್ದು, ಬಿಸಿ ಯಾವುದಕ್ಕೂ ಸಮಾಧಿಯಲ್ಲಿದ್ದವರ ಆಲ್ಫಾ ಅಲೆ ಕದಡಲಿಲ್ಲ. 4 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಕೈಯಿಟ್ಟವರಲ್ಲೂ ಅದು ಹಾಗೆಯೇ ಇತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಧ್ಯಾನಿಗಳ ಕುರಿತ ಅಧ್ಯಯನಗಳು ನಡೆದಿವೆ. ಆದರೆ ಅಲೆ ಅಳೆದರೆ ಅನುಭವ ಸಿಕ್ಕಂತಲ್ಲ. ಮಿದುಳಿನ ಚಟುವಟಿಕೆಯ ಜೊತೆಗೆ 'ನನಗೆ ಅನಿಸುತ್ತಿದೆ' ಎಂಬುದು ಯಾಕೆ ಹುಟ್ಟುತ್ತದೆ ಎಂಬ ಪ್ರಶ್ನೆಯನ್ನು 1995ರಲ್ಲಿ ತತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್ ಮುಂದಿಟ್ಟರು. ಅದಕ್ಕೆ ಇಂದಿಗೂ ಸರ್ವಸಮ್ಮತ ಉತ್ತರ ದೊರೆತಿಲ್ಲ.

ದೆಹಲಿಯ ಪ್ರಯೋಗ ಕಂಡದ್ದು ಒಂಟಿಯಾಗಿ, ಮೌನವಾಗಿ ಕೂತ ಯೋಗಿಯನ್ನು. ಬಿಲ್ಲಿನ ಮೇಲೆ ನಿಂತ ಗೊರವಯ್ಯನ ಪ್ರಜ್ಞೆಯಲ್ಲಿ ಹಸಿವಿದೆ, ಎತ್ತರವಿದೆ, ಸುತ್ತಲಿನ ಜನಸಾಗರದ ನಿರೀಕ್ಷೆಯಿದೆ. ನುಡಿದದ್ದು ಆತನಿಗೆ ಆಮೇಲೆ ನೆನಪಿರುತ್ತದೆಯೇ, ಬಿಲ್ಲೇರುವ ಮುನ್ನ ಮೈಯಲ್ಲಿ ಏನಾಗುತ್ತದೆ ಎಂಬುದನ್ನು ಆತನ ಬಾಯಿಂದಲೇ ಕೇಳಬೇಕು. ತಂತಿ ಜೋಡಿಸುವ ಮಾತು ಆಮೇಲಿನದು. ಹರಕೆಗೆ ಭಂಗ ತರುವ ಹಕ್ಕು ಯಾವ ಸಂಶೋಧಕನಿಗೂ ಇಲ್ಲ. ವಿಜಯನಗರ ಜಿಲ್ಲೆಯ ಕಾಲೇಜುಗಳ ಕನ್ನಡ, ಇತಿಹಾಸ, ಮನಃಶಾಸ್ತ್ರ ವಿಭಾಗಗಳು ಒಟ್ಟಾಗಿ, ಗೊರವರ ಒಪ್ಪಿಗೆ ಪಡೆದು, ಹಿರಿಯ ಗೊರವರ ಮಾತುಗಳನ್ನು ಧ್ವನಿಮುದ್ರಿಸುವ ಕೆಲಸವನ್ನು ಬರುವ ಭರತ ಹುಣ್ಣಿಮೆಗೇ ಕೈಗೆತ್ತಿಕೊಳ್ಳಲಿ.