ಯೋಜನಾ ಪದ್ಧತಿ ಮತ್ತು ಮಗುವಿನ ವಿಚಾರಶಕ್ತಿ : ಒಂದು ಚಾರಿತ್ರಿಕ ಅವಲೋಕನ

ಮಕ್ಕಳಲ್ಲಿ ವಿಮರ್ಶಾತ್ಮಕ ಚಿಂತನೆಯನ್ನು ಬೆಳೆಸುವ ಯೋಜನಾ ಪದ್ಧತಿಯ ಚರಿತ್ರೆಯನ್ನು ಡಬ್ಲ್ಯು. ಎಚ್. ಕಿಲ್‌ಪ್ಯಾಟ್ರಿಕ್ 1918ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಆರಂಭಿಸುವುದು ವಾಡಿಕೆ. ಆದರೆ ಅದರ ತಾತ್ವಿಕ ನೆಲೆಯನ್ನು ಜಾನ್ ಡ್ಯೂಯಿ 1896ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ತೆರೆದ ಪ್ರಾಯೋಗಿಕ ಶಾಲೆಯಲ್ಲಿ ಕಾಣಬೇಕಾಗುತ್ತದೆ.

ಆ ಶಾಲೆಯ ಒಂದು ಪಾಠವನ್ನು ಡ್ಯೂಯಿ 1899ರ ‘ದ ಸ್ಕೂಲ್ ಅಂಡ್ ಸೊಸೈಟಿ’ ಕೃತಿಯಲ್ಲಿ ವಿವರಿಸಿದ್ದಾರೆ. ಮಕ್ಕಳ ಕೈಗೆ ಕಚ್ಚಾ ಹತ್ತಿಯನ್ನೂ ಉಣ್ಣೆಯನ್ನೂ ಕೊಡಲಾಯಿತು. ಉಣ್ಣೆಗಿಂತ ಹತ್ತಿಯ ಉದ್ಯಮ ತಡವಾಗಿ ಬೆಳೆದುದೇಕೆ ಎಂಬುದು ಎದುರಾದ ಸಮಸ್ಯೆ. ಒಂದು ಗುಂಪಿನ ಮಕ್ಕಳು 30 ನಿಮಿಷ ಬೀಜದಿಂದ ಅರಳೆಯನ್ನು ಬಿಡಿಸಿದರೂ ದೊರೆತುದು ಒಂದು ಔನ್ಸಿಗಿಂತ ಕಡಿಮೆ. ಪೂರ್ವಿಕರು ಹತ್ತಿಗೆ ಬದಲಾಗಿ ಉಣ್ಣೆಯನ್ನು ಧರಿಸುತ್ತಿದ್ದುದರ ಕಾರಣ ಅವರಿಗೆ ತಮ್ಮ ಬೆರಳುಗಳಿಂದಲೇ ತಿಳಿಯಿತು. ಹತ್ತಿಯ ಎಳೆ ಗಿಡ್ಡ ಮತ್ತು ನುಣುಪು, ಉಣ್ಣೆಯ ಎಳೆ ಉದ್ದ ಮತ್ತು ಒರಟು. ಆದುದರಿಂದ ಉಣ್ಣೆಯನ್ನು ನೂಲುವುದು ಸುಲಭವೆಂಬುದನ್ನೂ ಅವರು ಕಂಡುಕೊಂಡರು. ಶಿಕ್ಷಕರು ಪ್ರಶ್ನೆ ಹಾಗೂ ಸೂಚನೆಗಳಿಂದ ನೆರವಾದರು.

1910ರ ‘ಹೌ ವಿ ಥಿಂಕ್’ ಕೃತಿಯಲ್ಲಿ ಡ್ಯೂಯಿ ಚಿಂತನೆಯ ಐದು ಹಂತಗಳನ್ನು ಗುರುತಿಸಿದರು: ತೊಡಕಿನ ಅನುಭವ, ಅದರ ಸ್ಪಷ್ಟೀಕರಣ, ಪರಿಹಾರದ ಊಹೆ, ಊಹೆಯ ತಾರ್ಕಿಕ ವಿಸ್ತರಣೆ, ಪರೀಕ್ಷೆಯ ಮೂಲಕ ಸ್ವೀಕಾರ ಅಥವಾ ನಿರಾಕರಣೆ. ಹತ್ತಿಯ ಪಾಠವು ಈ ಕ್ರಮಕ್ಕೆ ಉತ್ತಮ ನಿದರ್ಶನವಾಗಿದೆ. ಕಿಲ್‌ಪ್ಯಾಟ್ರಿಕ್ ಅವರಾದರೋ ಮಗು ಮನಃಪೂರ್ವಕವಾಗಿ ಕೈಗೊಳ್ಳುವ ಉದ್ದೇಶಪೂರ್ಣ ಚಟುವಟಿಕೆಗೆ ಒತ್ತು ನೀಡಿದರು. ಪದ್ಧತಿ ಜನಪ್ರಿಯವಾಯಿತು, ಆದರೆ ಯೋಜನೆಯೆಂದು ಕರೆಯಲಾಗುವ ಅನೇಕ ಚಟುವಟಿಕೆಗಳು ಅಲ್ಪಕಾಲಿಕವೂ ಆಕಸ್ಮಿಕವೂ ಆಗಿದ್ದು ಜ್ಞಾನವನ್ನು ವಿಸ್ತರಿಸುವುದಿಲ್ಲವೆಂದು ಡ್ಯೂಯಿ ಅವರೇ 1931ರಲ್ಲಿ ಆಕ್ಷೇಪಿಸಿದರು.

ಭಾರತದಲ್ಲಿಯೂ ಇದೇ ಪ್ರಶ್ನೆ ಮತ್ತೊಂದು ರೂಪದಲ್ಲಿ ತಲೆದೋರಿತು. 1937ರ ವಾರ್ಧಾ ಸಮ್ಮೇಳನದ ಬಳಿಕ ಗಾಂಧೀಜಿಯವರ ಮೂಲಶಿಕ್ಷಣದಲ್ಲಿ ನೂಲುವುದು ಪ್ರಮುಖ ಕಸುಬಾಯಿತು. ಪಾಠಗಳೆಲ್ಲವೂ ಕಸುಬಿನೊಡನೆ ಹೊಂದಿಕೊಂಡು ಬರಬೇಕೆಂಬುದು ಆಶಯ. ಕಸುಬಿನ ಆರ್ಥಿಕ ಅಂಶಕ್ಕೆ ಪ್ರಾಧಾನ್ಯ ದೊರೆತು ಶೈಕ್ಷಣಿಕ ಉದ್ದೇಶ ಬಲಿಯಾಗುವ ಅಪಾಯವಿದೆಯೆಂದು ಜಾಕೀರ್ ಹುಸೇನ್ ಸಮಿತಿಯ ವರದಿಯೇ ಎಚ್ಚರಿಸಿತ್ತು.

ಷಿಕಾಗೊ ಮತ್ತು ವಾರ್ಧಾಗಳ ಸಾಮಾಜಿಕ ಸನ್ನಿವೇಶಗಳು ಭಿನ್ನ. ಮಕ್ಕಳ ಕೈಯಲ್ಲಿದ್ದ ಹತ್ತಿ ಒಂದೇ. ಕೈಗೆ ಕೆಲಸ ಕೊಟ್ಟ ಮಾತ್ರಕ್ಕೆ ವಿಚಾರಶಕ್ತಿ ತಾನಾಗಿ ಬೆಳೆಯುವುದಿಲ್ಲವೆಂಬುದನ್ನು ಈ ಚರಿತ್ರೆ ಸ್ಪಷ್ಟಪಡಿಸುತ್ತದೆ. ನೂತ ನೂಲಿನ ಪ್ರಮಾಣವನ್ನು ಅಳೆಯುವುದು ಸುಲಭ. ನೂಲುವಾಗ ಮಗುವಿನಲ್ಲಿ ಮೂಡಿದ ‘ಏಕೆ’ ಎಂಬ ಪ್ರಶ್ನೆಯನ್ನು ಗುರುತಿಸಿ, ಅದನ್ನು ಪರೀಕ್ಷೆಯವರೆಗೆ ಕೊಂಡೊಯ್ಯಬಲ್ಲ ಶಿಕ್ಷಕರಿದ್ದಾಗ ಮಾತ್ರ ಯೋಜನಾ ಪದ್ಧತಿ ಸಾರ್ಥಕವಾಗುತ್ತದೆ.