ಒಂದು ಲೋಟ ಉಪ್ಪು–ಸಕ್ಕರೆ ನೀರಿನ ಚರಿತ್ರೆ



ಚರಿತ್ರೆ ಎಂದೊಡನೆ ನಿಮಗೆ ಕೋಟೆ, ಕದನ, ಸಿಂಹಾಸನಗಳು ನೆನಪಾಗುತ್ತವೆ. ಅಡುಗೆ ಮನೆಯ ಉಪ್ಪಿನ ಡಬ್ಬಿಗೂ ಒಂದು ಚರಿತ್ರೆಯಿದೆ, ಅದು ಕೋಟ್ಯಂತರ ಮಕ್ಕಳ ಜೀವ ಉಳಿಸಿದೆ ಎಂದರೆ ನಂಬುವಿರಾ?

ಮಕ್ಕಳ ಆರೋಗ್ಯದ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ನಾವು ಟಿ. ದಾಸರಹಳ್ಳಿಯ ಒಂದು ವಠಾರಕ್ಕೆ ಹೋಗಿದ್ದೆವು. ಪೀಣ್ಯದ ಕಾರ್ಖಾನೆಗಳಿಗೂ ಗಾರ್ಮೆಂಟ್ಸ್‌ಗೂ ದುಡಿಯಲು ಹೋಗುವವರ ಮನೆಗಳು ಅವು. ಒಂದು ಮನೆಯಲ್ಲಿ ವರ್ಷ ತುಂಬಿದ ಮಗುವಿಗೆ ಬೆಳಗಿನಿಂದ ಭೇದಿ. ತಾಯಿ ಕೆಲಸಕ್ಕೆ ಹೋಗಿದ್ದರು. ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದ ಅಜ್ಜಿ, "ನೀರು ಕುಡಿಸಿದರೆ ಇನ್ನೂ ಜಾಸ್ತಿ ಆಗುತ್ತೆ ಸ್ವಾಮಿ, ಅದಕ್ಕೇ ಕೊಟ್ಟಿಲ್ಲ" ಎಂದರು. ಮನೆಯಲ್ಲಿ ಓ.ಆರ್.ಎಸ್. ಪೊಟ್ಟಣವಿತ್ತು. ನಮ್ಮ ಮಾತಿಗೆ ಒಪ್ಪಿ ಅಜ್ಜಿ ಅದನ್ನು ಒಂದೇ ಲೋಟ ನೀರಿಗೆ ಸುರಿಯಲು ಹೊರಟಾಗ, ಪಕ್ಕದ ಮನೆಯ ಹತ್ತನೆಯ ತರಗತಿಯ ಹುಡುಗಿ ಪೊಟ್ಟಣದ ಹಿಂಬದಿ ಓದಿ, "ಅಜ್ಜಿ, ಇದು ಒಂದು ಲೀಟರಿಗೆ!" ಎಂದು ಕೈ ಹಿಡಿದಳು.

ಅಜ್ಜಿಯ ಮಾತು ಕೇಳಿ ನಗಬೇಡಿ. ಭೇದಿಯಾದಾಗ ಹೊಟ್ಟೆಗೆ ವಿಶ್ರಾಂತಿ ಕೊಡಬೇಕು ಎಂದು ಇಪ್ಪತ್ತನೆಯ ಶತಮಾನದಲ್ಲಿಯೂ ಅನೇಕ ವೈದ್ಯರು ಹೇಳುತ್ತಿದ್ದರು. ಭೇದಿಯಲ್ಲಿ ಮಗುವಿನ ಜೀವಕ್ಕೆ ಎರವಾಗುವುದು ಬಹುಮಟ್ಟಿಗೆ ದೇಹದಿಂದ ಹೊರಟುಹೋಗುವ ನೀರು ಮತ್ತು ಲವಣ. ಇದರ ಸುಳಿವು ಬಹಳ ಹಿಂದೆಯೇ ಸಿಕ್ಕಿತ್ತು. 1831ರಲ್ಲಿ ಇಂಗ್ಲೆಂಡಿನಲ್ಲಿ ಕಾಲರಾ ಹರಡಿದಾಗ ಓಶಾನೆಸಿ ಎಂಬ ತರುಣ ವೈದ್ಯ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣವೂ ಕಡಿಮೆಯಾಗಿವೆ ಎಂದು ತೋರಿಸಿದ. ಮರುವರ್ಷ ಸ್ಕಾಟ್ಲೆಂಡಿನ ಥಾಮಸ್ ಲಟ್ಟಾ ಉಪ್ಪುನೀರನ್ನು ರಕ್ತನಾಳಕ್ಕೇ ಹರಿಸಿ ಕೆಲವರನ್ನು ಬದುಕಿಸಿದ. ಆದರೆ ಆ ವಿಧಾನ ಆಗ ಬೇರೂರಲಿಲ್ಲ.

ಬಾಯಿಂದಲೇ ಏಕೆ ಕುಡಿಸಬಾರದು? 1953ರಲ್ಲಿ ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ ಅವರು ಕಾಲರಾ ರೋಗಿಗಳಿಗೆ ಉಪ್ಪು–ಗ್ಲೂಕೋಸ್ ನೀರು ಕುಡಿಸಿದ ಅನುಭವವನ್ನು ಪ್ರಕಟಿಸಿದರು. ಹೆಚ್ಚಿನವರು ಗಮನಿಸಲಿಲ್ಲ. 1960ರ ಸುಮಾರಿಗೆ ಅದರ ಹಿಂದಿನ ವಿಜ್ಞಾನ ತಿಳಿಯಿತು. ಭೇದಿಯ ಸಮಯದಲ್ಲಿ ಬರಿಯ ಉಪ್ಪುನೀರನ್ನು ಕರುಳು ಸರಿಯಾಗಿ ಹೀರಿಕೊಳ್ಳದು. ಗ್ಲೂಕೋಸ್ ಜೊತೆಗಿದ್ದರೆ ಎರಡೂ ಕೈ ಕೈ ಹಿಡಿದು ಕರುಳಿನ ಗೋಡೆ ದಾಟುತ್ತವೆ. ನೀರು ಅವುಗಳನ್ನು ಹಿಂಬಾಲಿಸುತ್ತದೆ. ಆದರೆ ಅಳತೆ ಮುಖ್ಯ. ದ್ರಾವಣ ತೀರ ಗಟ್ಟಿಯಾದರೆ ಅದೇ ದೇಹದ ನೀರನ್ನು ಕರುಳಿಗೆ ಎಳೆದುಕೊಳ್ಳುತ್ತದೆ, ಲವಣ ಮೈಗೆ ಹೆಚ್ಚಾಗುತ್ತದೆ. ಆ ಹುಡುಗಿ ತಡೆದದ್ದು ಈ ಅಪಾಯವನ್ನೇ.

1968ರಲ್ಲಿ ಢಾಕಾದಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಅವರು ಕಾಲರಾ ರೋಗಿಗಳಲ್ಲಿ ಈ ವಿಧಾನ ಫಲಿಸುವುದನ್ನು ತೋರಿಸಿದರು. ನಿಜವಾದ ಪರೀಕ್ಷೆ ಬಂದದ್ದು 1971ರಲ್ಲಿ. ಬಾಂಗ್ಲಾ ವಿಮೋಚನಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದು ತುಂಬಿದರು. ಕಾಲರಾ ಹಬ್ಬಿತು, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂತು. ಡಾ. ದಿಲೀಪ್ ಮಹಲನೋಬಿಸ್ ಅವರು ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡ ಎಂಬ ಲೆಕ್ಕದಲ್ಲಿ ದ್ರಾವಣ ಮಾಡಿಸಿ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಕುಡಿಸಿದವರು ರೋಗಿಗಳ ಮನೆಯವರೇ. ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ ಶೇಕಡಾ 4ಕ್ಕಿಂತ ಕಡಿಮೆಗೆ ಇಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಈ ಕಥೆಯಲ್ಲಿ ನಮ್ಮ ಬೆಂಗಳೂರಿನದೂ ಒಂದು ಅಧ್ಯಾಯವಿದೆ. ದಾಸರಹಳ್ಳಿಯಿಂದ ತುಮಕೂರು ರಸ್ತೆಯಲ್ಲಿ ನಗರದ ಕಡೆಗೆ ಬಂದು ಯಶವಂತಪುರ ದಾಟಿದರೆ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಎಳೆಯ ಮಕ್ಕಳ ತೀವ್ರ ಭೇದಿಗೆ ರೋಟಾವೈರಸ್ ಒಂದು ದೊಡ್ಡ ಕಾರಣ. ಅಲ್ಲಿನ ಸಿ. ದುರ್ಗಾ ರಾವ್ ಅವರ ತಂಡ ಬೆಂಗಳೂರಿನ ನವಜಾತ ಶಿಶುಗಳಲ್ಲಿ, ಭೇದಿಯ ಲಕ್ಷಣವನ್ನೇ ತೋರದಂತೆ ನೆಲೆಸಿದ್ದ ರೋಟಾವೈರಸ್ಸೊಂದನ್ನು ಅಧ್ಯಯನ ಮಾಡಿತು. ಅದರ ಹೊರಕವಚದ ಪ್ರೋಟೀನುಗಳು ದನಗಳ ರೋಟಾವೈರಸ್ಸಿನದನ್ನು ಬಹುಮಟ್ಟಿಗೆ ಹೋಲುತ್ತವೆಂದು 1993ರಲ್ಲಿ ಪ್ರಕಟಿಸಿತು. ಐ321 ಎಂಬ ಈ ತಳಿಯನ್ನೂ ದೆಹಲಿಯ ಶಿಶುಗಳಲ್ಲಿ ಸಿಕ್ಕ 116ಇ ತಳಿಯನ್ನೂ ಲಸಿಕೆಗಾಗಿ ಪರೀಕ್ಷಿಸಲಾಯಿತು. ಗೆದ್ದದ್ದು ದೆಹಲಿಯದು. ಅದರಿಂದ ತಯಾರಾದ ಲಸಿಕೆ 2016ರಲ್ಲಿ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. ಇಂದು ರೋಟಾವೈರಸ್ ಲಸಿಕೆಯನ್ನು 6, 10 ಮತ್ತು 14ನೆಯ ವಾರಗಳಲ್ಲಿ ಉಚಿತವಾಗಿ ಹಾಕುತ್ತಾರೆ. ಸೋತ ತಳಿಯ ಅಧ್ಯಯನ ವ್ಯರ್ಥವೇ? ಅಲ್ಲ. ಎರಡನ್ನೂ ತೂಗಿ ನೋಡಿದ್ದರಿಂದಲೇ ಯಾವುದು ಮೇಲು ಎಂದು ಗೊತ್ತಾಯಿತು.

ಈಗ ನಿಮ್ಮ ಮನೆಯ ಮಾತು. ಭೇದಿಯಾದ ಮಗುವಿಗೆ ಎದೆಹಾಲು ನಿಲ್ಲಿಸಬಾರದು. ಪೊಟ್ಟಣದಲ್ಲಿ ಹೇಳಿದಷ್ಟೇ ಕುದಿಸಿ ಆರಿಸಿದ ನೀರಿಗೆ ಇಡೀ ಪುಡಿ ಬೆರೆಸಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್ ಸಾಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಸಮತಟ್ಟಾಗಿ ತುಂಬಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಜೊತೆಗೆ ವೈದ್ಯರು ಹೇಳಿದಂತೆ ಸತುವಿನ ಮಾತ್ರೆ. ಸಿಹಿ ಪಾನೀಯಗಳು ಓ.ಆರ್.ಎಸ್. ಆಗುವುದಿಲ್ಲ; ಅಂಥವುಗಳ ಮೇಲೆ ಆ ಹೆಸರು ಹಾಕಬಾರದೆಂದು 2025ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿತು. ಮಗು ಮಂಕಾದರೆ, ಕಣ್ಣು ಒಳಗೆ ಹೋದರೆ, ಮೂತ್ರ ನಿಂತರೆ, ಕುಡಿಯಲಾರದಾದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಆರು ತಿಂಗಳೊಳಗಿನ ಕೂಸಾದರೆ ಲಕ್ಷಣಗಳಿಗಾಗಿ ಕಾಯದೆ ವೈದ್ಯರಿಗೆ ತೋರಿಸುವುದು ಲೇಸು.

ಅಂದು ಹುಡುಗಿ ಅಳತೆ ಮಾಡಿ ಬೆರೆಸಿಕೊಟ್ಟಳು, ಅಜ್ಜಿ ಚಮಚ ಹಿಡಿದರು. ಅರ್ಧ ಗಂಟೆ ಕಳೆದ ಮೇಲೆ ಅಜ್ಜಿ, "ನಮ್ಮ ಊರಲ್ಲಿ ಉಪ್ಪು ಹಾಕಿದ ಗಂಜಿತಿಳಿ ಕುಡಿಸ್ತಿದ್ರು, ಅದೂ ಇದೇ ಏನಮ್ಮ?" ಎಂದು ಕೇಳಿದರು. ಹೌದು, ಬಹುಮಟ್ಟಿಗೆ ಇದೇ. ಅಕ್ಕಿಯ ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗುತ್ತದೆ. ಮನೆಯ ತಿಳಿವಳಿಕೆಯಲ್ಲಿ ಗಂಜಿಯೂ ಇತ್ತು, ನೀರು ನಿಲ್ಲಿಸುವ ತಪ್ಪೂ ಇತ್ತು. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯುವುದು ಪರೀಕ್ಷಿಸಿ ನೋಡಿದಾಗ ಮಾತ್ರ.

ನೀವು ಇಂದು ಮನೆಗೆ ಹೋದಾಗ ಈ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆ ಮನೆಯ ಗೋಡೆಗೆ ಅಂಟಿಸಿ. ಓದು ಬಾರದ ಹಿರಿಯರಿದ್ದರೆ ಅವರಿಗೆ ಓದಿ ಹೇಳಿ.