ಬರೆಯುವ ಅಧಿಕಾರ, ತಡೆಯುವ ಅಧಿಕಾರ: ಡಿ.ಎನ್.ಎಸ್. ವಲಯಗಳ ನಿರ್ವಹಣೆಯ ಚರಿತ್ರೆ

೧

ಚರಿತ್ರೆಯನ್ನು ಅಭ್ಯಾಸಮಾಡುವವರು ರಾಜಶಾಸನಗಳನ್ನೂ ದಂಡಯಾತ್ರೆಗಳನ್ನೂ ಗಮನಿಸುವಷ್ಟು ಆಸ್ಥೆಯಿಂದ ಲೆಕ್ಕದ ಪುಸ್ತಕಗಳನ್ನು ಗಮನಿಸುವುದು ವಿರಳ. ಆದರೆ ಯಾವ ಭೂಮಿ ಯಾರದೆಂಬುದನ್ನು ಬರೆಯುವ ಅಧಿಕಾರ ಯಾರ ಕೈಯಲ್ಲಿದ್ದಿತು, ಬರೆದದ್ದು ತಪ್ಪಾದಾಗ ಅದನ್ನು ತಡೆಯುವವರು ಯಾರಿದ್ದರು ಎಂಬ ಪ್ರಶ್ನೆಗಳು ಯುದ್ಧಗಳ ಜಯಾಪಜಯಗಳಿಗಿಂತ ಜನಜೀವನಕ್ಕೆ ಎಷ್ಟೋ ಹತ್ತಿರವಾದುವು. ಇದೇ ಪ್ರಶ್ನೆಗಳನ್ನು ನಮ್ಮ ಕಾಲದ ಒಂದು ದೊಡ್ಡ ಲೆಕ್ಕಪುಸ್ತಕವನ್ನು ಕುರಿತು ಕೇಳುವುದು ಪ್ರಕೃತ ಪ್ರಬಂಧದ ಉದ್ದೇಶ.

ಇಂಟರ್‌ನೆಟ್ಟಿನಲ್ಲಿ ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳ ವಿಳಾಸದಿಂದ. ಮನುಷ್ಯರು ನೆನಪಿನಲ್ಲಿಡುವುದು ಹೆಸರುಗಳನ್ನು. ಹೆಸರನ್ನು ಕೊಟ್ಟರೆ ವಿಳಾಸವನ್ನು ತಿಳಿಸುವ ವ್ಯವಸ್ಥೆಗೆ ಡಿ.ಎನ್.ಎಸ್. ಎಂದು ಹೆಸರು. ಹೆಸರುಗಳ ಈ ಸಾಮ್ರಾಜ್ಯ ಅನೇಕ ವಲಯಗಳಾಗಿ ವಿಭಾಗವಾಗಿದೆ. ಒಂದೊಂದು ವಲಯಕ್ಕೂ ಒಬ್ಬ ಅಧಿಕಾರಿ. ಅವನ ವಶದಲ್ಲಿ ಆ ವಲಯದ ನಮೂದುಗಳು. ಇಂದು ಇಂತಹ ವಲಯಗಳಲ್ಲಿ ಬಹುಸಂಖ್ಯೆಯವು ಕ್ಲೌಡ್ ಸಂಸ್ಥೆಗಳ ಸರ್ವರುಗಳಲ್ಲಿವೆ. ಅವುಗಳ ನಮೂದುಗಳನ್ನು ತಿದ್ದುವ ಕೆಲಸ ಬಹುಮಟ್ಟಿಗೆ ಯಂತ್ರಗಳ ಪಾಲಿಗೆ ಬಂದಿದೆ. ಈ ಪರಿವರ್ತನೆಯನ್ನು ಕೇವಲ ವೇಗದ ಮತ್ತು ಸೌಕರ್ಯದ ಕಥೆಯೆಂದು ಹೇಳುವುದು ರೂಢಿ. ನಮ್ಮ ಅಭಿಪ್ರಾಯದಲ್ಲಿ ಅದು ಅರ್ಧ ಮಾತ್ರ. ಬರೆಯುವ ಅಧಿಕಾರವು ಕೈಯಿಂದ ಕೈಗೆ ಹೋದಂತೆಲ್ಲ ತಡೆಯುವ ಅಧಿಕಾರವೂ ಅದರ ಜೊತೆಯಲ್ಲಿ ಹೋಯಿತೇ ಎಂಬುದೇ ಮುಖ್ಯವಾಗಿ ವಿಚಾರಿಸಬೇಕಾದ ವಿಷಯ.

೨

ಇಂಟರ್‌ನೆಟ್ಟಿನ ಪೂರ್ವರೂಪವಾದ ಆರ್ಪಾನೆಟ್ ೧೯೬೯ರಲ್ಲಿ ನಾಲ್ಕು ಕೇಂದ್ರಗಳೊಡನೆ ಅಮೆರಿಕದಲ್ಲಿ ಆರಂಭವಾಯಿತು. ಮೊದಲಲ್ಲಿ ಪ್ರತಿಯೊಂದು ಕೇಂದ್ರವೂ ಉಳಿದ ಕೇಂದ್ರಗಳ ಹೆಸರು ಮತ್ತು ವಿಳಾಸಗಳ ಪಟ್ಟಿಯನ್ನು ತನ್ನದೇ ರೀತಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಿತು. ಒಂದರ ಪಟ್ಟಿಗೂ ಇನ್ನೊಂದರ ಪಟ್ಟಿಗೂ ಹೊಂದಿಕೆಯಿರಲಿಲ್ಲ. ಹಲವು ಪಟ್ಟಿಗಳು ಹಳೆಯವಾಗಿದ್ದುವು. ಈ ಅವ್ಯವಸ್ಥೆಯನ್ನು ಕೊನೆಗಾಣಿಸಿ ಒಂದೇ ಅಧಿಕೃತ ಪಟ್ಟಿಯನ್ನು ಜಾಲದಲ್ಲಿಯೇ ಇಡಬೇಕೆಂಬ ಸೂಚನೆ ೧೯೭೩ರ ಡಿಸೆಂಬರಿನಲ್ಲಿ ಬಂದಿತು. ಮುಂದಿನ ತಿಂಗಳೇ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಮಾಹಿತಿ ಕೇಂದ್ರ ಆ ಹೊಣೆಯನ್ನು ಒಪ್ಪಿಕೊಂಡಿತು.

ಆ ಕೇಂದ್ರದ ಮುಖ್ಯಸ್ಥೆ ಎಲಿಜಬೆತ್ ಫೀನ್ಲರ್. ಹೊಸ ಹೆಸರು ಬೇಕಾದವರು ಕಚೇರಿಯ ವೇಳೆಯಲ್ಲಿ ದೂರವಾಣಿಯ ಮೂಲಕವೋ ಪತ್ರದ ಮೂಲಕವೋ ಕೇಳಿಕೊಳ್ಳಬೇಕು. ಅಲ್ಲಿನ ಸಿಬ್ಬಂದಿ ಅದನ್ನು ಪರಿಶೀಲಿಸಿ ಪಟ್ಟಿಗೆ ಸೇರಿಸಬೇಕು. ಉಳಿದ ಕೇಂದ್ರಗಳು ಪಟ್ಟಿಯ ಹೊಸ ಪ್ರತಿಯನ್ನು ತರಿಸಿಕೊಳ್ಳಬೇಕು. ಈ ಕ್ರಮ ನಿಧಾನವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದರಲ್ಲಿ ಬರೆಯುವ ಕೈ, ತಡೆಯುವ ಕೈ ಎರಡೂ ಒಂದೇ ಆಗಿದ್ದುವೆಂಬುದನ್ನು ಮರೆಯಬಾರದು. ಒಂದೇ ಹೆಸರನ್ನು ಇಬ್ಬರು ಕೇಳಿದರೆ ಎರಡನೆಯವನಿಗೆ ಇಲ್ಲವೆನ್ನುವ ಮನುಷ್ಯರು ಅಲ್ಲಿದ್ದರು.

ಜಾಲ ಬೆಳೆದಂತೆ ಈ ವ್ಯವಸ್ಥೆ ಕುಸಿಯಿತು. ೧೯೮೧ರ ಆಗಸ್ಟಿನಲ್ಲಿ ೨೧೩ ಆಗಿದ್ದ ಕಂಪ್ಯೂಟರುಗಳ ಸಂಖ್ಯೆ ೧೯೮೭ರ ಕೊನೆಗೆ ೨೮,೦೦೦ವನ್ನು ದಾಟಿತು. ಇಷ್ಟು ದೊಡ್ಡ ಪಟ್ಟಿಯನ್ನು ಒಂದು ಕಚೇರಿ ತಿದ್ದುವುದೂ ಎಲ್ಲರೂ ಒಂದೇ ಕಡೆಯಿಂದ ಪ್ರತಿಮಾಡಿಕೊಳ್ಳುವುದೂ ಅಸಾಧ್ಯವೆಂಬುದು ಅದಕ್ಕೂ ಮೊದಲೇ ಸ್ಪಷ್ಟವಾಗಿದ್ದಿತು.

೩

ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿದ್ದ ಪಾಲ್ ಮೊಕಪೆಟ್ರಿಸ್ ೧೯೮೩ರ ನವೆಂಬರಿನಲ್ಲಿ ಡಿ.ಎನ್.ಎಸ್. ವ್ಯವಸ್ಥೆಯ ರೂಪರೇಷೆಯನ್ನು ಪ್ರಕಟಿಸಿದರು. ೧೯೮೭ರ ನವೆಂಬರಿನಲ್ಲಿ ಅದು ಇಂದಿಗೂ ಆಧಾರವಾಗಿರುವ ರೂಪವನ್ನು ಪಡೆಯಿತು. ಇದರ ತಿರುಳು ಅಧಿಕಾರದ ವಿಕೇಂದ್ರೀಕರಣ. ಮೇಲಿನ ವಲಯವು ಕೆಳಗಿನ ವಲಯವನ್ನು ಮತ್ತೊಬ್ಬರಿಗೆ ವಹಿಸಿಕೊಡುತ್ತದೆ; ವಹಿಸಿಕೊಂಡವರು ತಮ್ಮ ವಲಯದಲ್ಲಿ ಸ್ವತಂತ್ರರು.

ವಲಯದ ನಮೂದುಗಳೆಲ್ಲ ಒಂದು ಕಡತದಲ್ಲಿರುತ್ತಿದ್ದುವು. ಪ್ರತಿಯೊಂದು ನಮೂದಿಗೂ ಒಂದು ಬಾಳಿಕೆಯ ಅವಧಿಯುಂಟು. ಆ ಅವಧಿ ಮುಗಿಯುವವರೆಗೆ ದೂರದ ಸರ್ವರುಗಳು ಉತ್ತರವನ್ನು ತಮ್ಮಲ್ಲಿ ಕಾದಿಟ್ಟುಕೊಳ್ಳಬಹುದು. ಕಡತದ ತಲೆಯಲ್ಲಿ ಒಂದು ಕ್ರಮಸಂಖ್ಯೆಯುಂಟು. ಕಡತವನ್ನು ತಿದ್ದಿದವನು ಆ ಸಂಖ್ಯೆಯನ್ನೂ ಏರಿಸಬೇಕು. ಮರೆತರೆ ಪ್ರತಿಗಳನ್ನಿಟ್ಟುಕೊಂಡ ಇತರ ಸರ್ವರುಗಳಿಗೆ ತಿದ್ದುಪಡಿಯಾದ ವಿಷಯವೇ ತಿಳಿಯದು.

ಕಡತವೆಂಬ ಮಾತು ಇಲ್ಲಿ ಅರ್ಥಪೂರ್ಣವಾಗಿದೆ. ನಮ್ಮ ಹಿಂದಿನವರ ಕಡತವೆಂದರೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಲೇಪಿಸಿ ಮಡಿಸಿದ ಬಟ್ಟೆ. ಬಳಪದಿಂದ ಬರೆದದ್ದನ್ನು ಒರೆಸಿ ಅದರ ಮೇಲೆಯೇ ಮತ್ತೆ ಬರೆಯಬಹುದಾಗಿದ್ದಿತು. ವಲಯದ ಕಡತವೂ ಇಂತಹುದೇ. ಹೊಸ ವಿಳಾಸ ಬಂದೊಡನೆ ಹಳೆಯದು ಅಳಿಯುತ್ತದೆ; ನಿನ್ನೆ ಏನಿದ್ದಿತು, ಬದಲಾಯಿಸಿದವರು ಯಾರು ಎಂಬುದಕ್ಕೆ ಕಡತದಲ್ಲಿ ಸಾಕ್ಷ್ಯವಿರುವುದಿಲ್ಲ.

ಕೈಯಿಂದ ತಿದ್ದುವ ಈ ಪದ್ಧತಿಯನ್ನು ಮೀರುವ ಪ್ರಯತ್ನ ೧೯೯೦ರ ದಶಕದಲ್ಲಿ ನಡೆಯಿತು. ಕಡತವನ್ನು ತೆರೆಯದೆಯೇ ದೂರದಿಂದ ಒಂದು ಸಂದೇಶವನ್ನು ಕಳುಹಿಸಿ ವಲಯದ ನಮೂದನ್ನು ಬದಲಾಯಿಸುವ ವಿಧಾನ ೧೯೯೭ರ ಏಪ್ರಿಲಿನಲ್ಲಿ ಪ್ರಕಟವಾಯಿತು. ಈ ಸಂದೇಶದಲ್ಲಿ ಪೂರ್ವಶರತ್ತುಗಳಿಗೆ ಮೀಸಲಾದ ಒಂದು ಭಾಗವಿರುವುದು ಗಮನಾರ್ಹ. ‘ಈ ನಮೂದು ಈಗಲೂ ಹೀಗೆಯೇ ಇದ್ದರೆ ಮಾತ್ರ ಬದಲಾಯಿಸು, ಇಲ್ಲವಾದರೆ ಏನನ್ನೂ ಮಾಡಬೇಡ’ ಎಂದು ಕಳುಹಿಸುವವನು ಹೇಳಬಹುದು. ಅಂದರೆ ಯಂತ್ರಕ್ಕೆ ಬರೆಯುವ ಅಧಿಕಾರವನ್ನು ಕೊಟ್ಟ ದಿನವೇ ತಡೆಯುವ ಉಪಾಯವನ್ನೂ ಬರೆಯುವ ಕ್ಷಣಕ್ಕೇ ಕಟ್ಟಿಟ್ಟಿದ್ದರು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು.

೪

ಅದೇ ವರ್ಷದ ಜುಲೈ ೧೭ರ ಮುಂಜಾನೆ ಒಂದು ದೊಡ್ಡ ಅನಾಹುತ ಸಂಭವಿಸಿತು. ಡಾಟ್ ಕಾಂ ಮತ್ತು ಡಾಟ್ ನೆಟ್ ವಲಯಗಳನ್ನು ಆಗ ನೋಡಿಕೊಳ್ಳುತ್ತಿದ್ದುದು ನೆಟ್‌ವರ್ಕ್ ಸೊಲ್ಯೂಷನ್ಸ್ ಸಂಸ್ಥೆ. ದತ್ತಸಂಚಯದಿಂದ ವಲಯದ ಕಡತಗಳನ್ನು ಯಂತ್ರವೇ ಸಿದ್ಧಪಡಿಸುತ್ತಿದ್ದಿತು. ಆ ರಾತ್ರಿ ಕಡತಗಳು ಕೆಟ್ಟುಹೋಗಿದ್ದುವು; ಯಂತ್ರ ಎಚ್ಚರಿಕೆಯನ್ನೂ ಕೊಟ್ಟಿತು. ಆದರೆ ಕರ್ತವ್ಯದಲ್ಲಿದ್ದ ನೌಕರ ಎಚ್ಚರಿಕೆಯನ್ನು ಗಣನೆಗೆ ತಾರದೆ ಕಡತಗಳನ್ನು ಬಿಡುಗಡೆಮಾಡಿದನು. ಸುಮಾರು ನಾಲ್ಕು ಗಂಟೆಗಳ ತರುವಾಯ ಸರಿಯಾದ ಕಡತಗಳು ಬಂದುವು. ಇಲ್ಲಿ ಬರೆದುದು ಯಂತ್ರ, ತಡೆಯಬೇಕಾಗಿದ್ದುದು ಮನುಷ್ಯ, ಅವನು ತಡೆಯಲಿಲ್ಲ.

ಇದಕ್ಕೆ ಪ್ರತಿಯಾದ ನಿದರ್ಶನ ಸ್ವೀಡನ್ ದೇಶದ್ದು. ೨೦೦೯ರ ಅಕ್ಟೋಬರ್ ೧೨ರ ರಾತ್ರಿ ಆ ದೇಶದ ಎಸ್.ಇ. ವಲಯದ ನಿರ್ವಹಣೆಯ ಕೆಲಸ ನಡೆಯುತ್ತಿದ್ದಿತು. ವಲಯವನ್ನು ಸಿದ್ಧಪಡಿಸುವ ಸ್ಕ್ರಿಪ್ಟಿನಲ್ಲಿ ಹೆಸರುಗಳ ಕೊನೆಗೆ ಬರಬೇಕಾದ ಒಂದು ಚುಕ್ಕೆ ಬಿಟ್ಟುಹೋಗಿದ್ದಿತು. ಡಿ.ಎನ್.ಎಸ್. ಬರವಣಿಗೆಯಲ್ಲಿ ಕೊನೆಯ ಚುಕ್ಕೆ ಪೂರ್ಣನಾಮದ ಗುರುತು. ಅದಿಲ್ಲದಿದ್ದರೆ ಸರ್ವರು ಹೆಸರಿನ ಹಿಂದೆ ವಲಯದ ಹೆಸರನ್ನು ಮತ್ತೊಮ್ಮೆ ಜೋಡಿಸುತ್ತದೆ. ತತ್ಪರಿಣಾಮವಾಗಿ ಸುಮಾರು ಒಂಬತ್ತು ಲಕ್ಷ ಹೆಸರುಗಳು ಒಮ್ಮೆಗೇ ಅರ್ಥಹೀನವಾದುವು. ತಪ್ಪನ್ನು ಸುಮಾರು ಒಂದು ಗಂಟೆಯಲ್ಲಿ ತಿದ್ದಿದರು. ಆದರೆ ದೂರದ ಸರ್ವರುಗಳು ಕಾದಿಟ್ಟುಕೊಂಡಿದ್ದ ತಪ್ಪು ಉತ್ತರಗಳು ಅಷ್ಟು ಬೇಗ ಅಳಿಯಲಿಲ್ಲ. ಕೈಯಿಂದ ಬರೆಯುವ ಗುಮಾಸ್ತ ಒಂದು ಸಾಲಿನಲ್ಲಿ ಚುಕ್ಕೆಯನ್ನು ಮರೆಯಬಹುದು. ಎಲ್ಲ ಸಾಲುಗಳಲ್ಲಿಯೂ ಮರೆಯುವುದು ಯಂತ್ರಕ್ಕೆ ಮಾತ್ರ ಸಾಧ್ಯ.

೫

೨೦೧೦ರ ಡಿಸೆಂಬರಿನಲ್ಲಿ ಅಮೆಜಾನ್ ಸಂಸ್ಥೆ ರೂಟ್ ೫೩ ಎಂಬ ಸೇವೆಯನ್ನು ಪ್ರಕಟಿಸಿತು. ೫೩ ಎಂಬುದು ಡಿ.ಎನ್.ಎಸ್. ಸಂದೇಶಗಳು ಹೋಗಿಬರುವ ದ್ವಾರದ ಸಂಖ್ಯೆ. ಗೂಗಲ್, ಮೈಕ್ರೋಸಾಫ್ಟ್ ಮುಂತಾದ ಸಂಸ್ಥೆಗಳ ಇಂತಹುದೇ ಸೇವೆಗಳು ತರುವಾಯ ಬಂದುವು. ಇವುಗಳಲ್ಲಿ ವಲಯವು ಗಿರಾಕಿಯ ಯಂತ್ರದಲ್ಲಿರುವ ಕಡತವಲ್ಲ. ಮತ್ತೊಂದು ಸಂಸ್ಥೆಯ ಸರ್ವರುಗಳಲ್ಲಿರುವ ನಮೂದುಗಳ ಸಮೂಹ. ಗಿರಾಕಿಯ ಪ್ರೋಗ್ರಾಮು ಎ.ಪಿ.ಐ. ಎಂಬ ಕರೆಯ ಮೂಲಕ ಅವನ್ನು ತಿದ್ದುತ್ತದೆ. ಇದಕ್ಕೆ ಕಾರಣವೂ ಇದ್ದಿತು. ಕ್ಲೌಡಿನಲ್ಲಿ ಕಂಪ್ಯೂಟರುಗಳು ಬೇಡಿಕೆಗೆ ತಕ್ಕಂತೆ ನಿಮಿಷಗಳಲ್ಲಿ ಹುಟ್ಟಿ ನಿಮಿಷಗಳಲ್ಲಿ ಇಲ್ಲವಾಗುತ್ತವೆ. ಅವುಗಳ ವಿಳಾಸಗಳನ್ನು ಕೈಯಿಂದ ಬರೆದು ಮುಗಿಸುವುದು ಯಾರಿಂದಲೂ ಆಗದು.

ಕೆಲವೇ ವರ್ಷಗಳಲ್ಲಿ ಈ ಕೆಲಸಕ್ಕೆ ವಿಶೇಷ ಸಾಧನಗಳು ಬಂದುವು. ೨೦೧೪ರಲ್ಲಿ ಟೆರಾಫಾರ್ಮ್ ಬಂದಿತು. ೨೦೧೬ರ ಅಕ್ಟೋಬರ್ ೨೧ರಂದು ಡೈನ್ ಎಂಬ ಡಿ.ಎನ್.ಎಸ್. ಸಂಸ್ಥೆಯ ಮೇಲೆ ದೊಡ್ಡ ದಾಳಿ ನಡೆದು, ಅದನ್ನೊಂದನ್ನೇ ನೆಚ್ಚಿಕೊಂಡಿದ್ದ ಹಲವು ತಾಣಗಳು ಕಾಣದಾದುವು. ಒಂದೇ ವಲಯವನ್ನು ಎರಡು ಸಂಸ್ಥೆಗಳಲ್ಲಿ ಇಡುವುದು ವಿವೇಕವೆಂಬುದು ಆಗ ಎಲ್ಲರಿಗೂ ಮನದಟ್ಟಾಯಿತು. ಮರುವರ್ಷ ಗಿಟ್‌ಹಬ್ ಸಂಸ್ಥೆ ಪ್ರಕಟಿಸಿದ ಆಕ್ಟೋ ಡಿ.ಎನ್.ಎಸ್. ಎಂಬ ಸಾಧನ ಇದನ್ನು ಸುಲಭಗೊಳಿಸಿತು. ಸ್ಟ್ಯಾಕ್ ಎಕ್ಸ್‌ಚೇಂಜ್ ಸಂಸ್ಥೆಯ ಡಿ.ಎನ್.ಎಸ್. ಕಂಟ್ರೋಲ್ ಕೂಡ ಅದೇ ಕಾಲದ್ದು.

ಈ ಸಾಧನಗಳ ಕ್ರಮ ಸ್ಥೂಲವಾಗಿ ಒಂದೇ. ವಲಯ ಹೇಗಿರಬೇಕೆಂಬುದನ್ನು ಒಂದು ಪಠ್ಯದಲ್ಲಿ ಬರೆದಿಡುತ್ತಾರೆ. ಸಾಧನವು ಅದನ್ನು ಈಗಿರುವ ವಲಯದೊಡನೆ ಹೋಲಿಸಿ, ಆಗಬೇಕಾದ ಬದಲಾವಣೆಗಳ ಯೋಜನೆಯನ್ನು ಮೊದಲು ತೋರಿಸುತ್ತದೆ; ಅನುಮತಿ ಕೊಟ್ಟ ಮೇಲೆಯೇ ಜಾರಿಗೆ ತರುತ್ತದೆ. ಆಕ್ಟೋ ಡಿ.ಎನ್.ಎಸ್. ಸಾಧನದಲ್ಲಿ ಇನ್ನೊಂದು ಕಟ್ಟುಪಾಡೂ ಉಂಟು: ಹತ್ತು ನಮೂದುಗಳಾದರೂ ಇರುವ ವಲಯದಲ್ಲಿ ಶೇಕಡ ೩೦ಕ್ಕಿಂತ ಹೆಚ್ಚಿನ ನಮೂದುಗಳನ್ನು ಅಳಿಸುವ ಅಥವಾ ತಿದ್ದುವ ಯೋಜನೆಯನ್ನು, ಬಲವಂತಪಡಿಸದ ಹೊರತು, ಅದು ನಡೆಸುವುದಿಲ್ಲ. ಎಲ್ಲವನ್ನೂ ಒಮ್ಮೆಗೇ ಕೆಡಿಸುವ ಯಂತ್ರದ ಶಕ್ತಿಗೆ ಇದೊಂದು ಕಡಿವಾಣ.

ಚರಿತ್ರೆಯ ವಿದ್ಯಾರ್ಥಿಗಳಿಗೆ ಇದರಲ್ಲಿ ಮತ್ತೊಂದು ಲಾಭವಿದೆ. ಪಠ್ಯದ ಪ್ರತಿಯೊಂದು ಬದಲಾವಣೆಯೂ ಬದಲಾಯಿಸಿದವರ ಹೆಸರು, ದಿನಾಂಕ ಮತ್ತು ಕಾರಣಗಳೊಡನೆ ಉಳಿಯುವಂತೆ ಅದನ್ನು ಗಿಟ್ ಮುಂತಾದ ವ್ಯವಸ್ಥೆಗಳಲ್ಲಿ ಇಡುವ ಪದ್ಧತಿ ಬೆಳೆದಿದೆ. ಒರೆಸಿ ಬರೆಯುವ ಕಡತಕ್ಕೆ ಹೀಗೆ ಒಂದು ಪತ್ರಾಗಾರ ದೊರೆತಂತಾಯಿತು.

೬

ಹೀಗಿರುವಾಗ ೨೦೨೫ರ ಅಕ್ಟೋಬರ್ ೧೯ರ ರಾತ್ರಿ, ಅಮೆರಿಕದ ಪಶ್ಚಿಮ ಕರಾವಳಿಯ ಕಾಲಮಾನದಂತೆ ೧೧ ಗಂಟೆ ೪೮ ನಿಮಿಷಕ್ಕೆ, ಉತ್ತರ ವರ್ಜೀನಿಯದಲ್ಲಿರುವ ಅಮೆಜಾನ್ ಕೇಂದ್ರದಲ್ಲಿ ನಡೆದ ಘಟನೆ ನಮ್ಮ ವಾದಕ್ಕೆ ಮುಖ್ಯವಾದ ಆಧಾರ. ಅದರ ಕಾರಣವನ್ನು ಸಂಸ್ಥೆಯೇ ವಿವರವಾಗಿ ಪ್ರಕಟಿಸಿದೆ.

ಡೈನಮೋ ಡಿ.ಬಿ. ಎಂಬ ದತ್ತಸೇವೆಯ ಲಕ್ಷಾಂತರ ನಮೂದುಗಳನ್ನು ನೋಡಿಕೊಳ್ಳಲು ಅಲ್ಲಿ ಎರಡು ಬಗೆಯ ಯಂತ್ರವ್ಯವಸ್ಥೆಗಳಿದ್ದುವು. ಒಂದು, ಯೋಜನೆಗಳನ್ನು ಸಿದ್ಧಪಡಿಸುವುದು. ಇನ್ನೊಂದು, ಅವುಗಳನ್ನು ರೂಟ್ ೫೩ರಲ್ಲಿ ಜಾರಿಗೆ ತರುವುದು. ಒಂದು ಕೆಟ್ಟರೆ ಇನ್ನೊಂದಿರಲೆಂದು ಈ ಜಾರಿಯ ಯಂತ್ರಗಳು ಮೂರು ಕಡೆ ಸ್ವತಂತ್ರವಾಗಿ ಕೆಲಸಮಾಡುತ್ತಿದ್ದುವು. ಜಾರಿಯ ಯಂತ್ರವು ಕೆಲಸಕ್ಕೆ ತೊಡಗುವ ಮುನ್ನ ತನ್ನ ಯೋಜನೆಯೇ ಹೊಸದೆಂಬುದನ್ನು ಒಮ್ಮೆ ಪರೀಕ್ಷಿಸುತ್ತಿದ್ದಿತು. ಆ ರಾತ್ರಿ ಒಂದು ಯಂತ್ರ ಪರೀಕ್ಷೆಯನ್ನು ಮುಗಿಸಿದ ಮೇಲೆ ಬಹಳ ನಿಧಾನವಾಯಿತು. ಅಷ್ಟರಲ್ಲಿ ಮತ್ತೊಂದು ಯಂತ್ರ ಎಷ್ಟೋ ಹೊಸದಾದ ಯೋಜನೆಯನ್ನು ಬೇಗ ಜಾರಿಗೊಳಿಸಿ, ತೀರ ಹಳೆಯ ಯೋಜನೆಗಳನ್ನು ಅಳಿಸುವ ಕೆಲಸಕ್ಕೆ ಕೈಹಾಕಿತು. ಅದೇ ಸಮಯಕ್ಕೆ ಮೊದಲನೆಯ ಯಂತ್ರ ತನ್ನ ಹಳೆಯ ಯೋಜನೆಯನ್ನು ಹೊಸದರ ಮೇಲೆಯೇ ಬರೆಯಿತು. ಎರಡನೆಯದು ಆ ಹಳೆಯ ಯೋಜನೆಯನ್ನು ಅಳಿಸಿತು. ಸೇವೆಯ ಮುಖ್ಯ ಹೆಸರಿಗೆ ಒಂದು ವಿಳಾಸವೂ ಉಳಿಯಲಿಲ್ಲ.

ಬರಿದಾದ ನಮೂದನ್ನು ತುಂಬುವ ಶಕ್ತಿ ಯಂತ್ರಗಳಿಗೆ ಇಲ್ಲವಾಯಿತು, ಮನುಷ್ಯರೇ ಕೈಹಾಕಬೇಕಾಯಿತು. ನಮೂದು ಸರಿಯಾದುದು ಮುಂಜಾನೆ ೨ ಗಂಟೆ ೨೫ ನಿಮಿಷಕ್ಕೆ; ಅದನ್ನು ಅವಲಂಬಿಸಿದ್ದ ಇತರ ಸೇವೆಗಳು ಪೂರ್ಣವಾಗಿ ಚೇತರಿಸಿಕೊಂಡುದು ಆ ದಿನ ಮಧ್ಯಾಹ್ನದ ಮೇಲೆ. ಸಂಸ್ಥೆ ಈ ಸ್ವಯಂಚಾಲಿತ ವ್ಯವಸ್ಥೆಯನ್ನು ಪ್ರಪಂಚದಾದ್ಯಂತ ನಿಲ್ಲಿಸಿತು.

ಇಲ್ಲಿ ಯಾವ ನೌಕರನೂ ಎಚ್ಚರಿಕೆಯನ್ನು ಕಡೆಗಣಿಸಲಿಲ್ಲ. ಯಾವ ಚುಕ್ಕೆಯೂ ಬಿಟ್ಟುಹೋಗಲಿಲ್ಲ. ಯೋಜನೆ ಮತ್ತು ಜಾರಿಗಳನ್ನು ಬೇರ್ಪಡಿಸಿದ್ದರು; ಪರೀಕ್ಷೆಯೂ ಇದ್ದಿತು. ಆದರೆ ಆ ಪರೀಕ್ಷೆ ಕೆಲಸದ ಆರಂಭದಲ್ಲಿದ್ದಿತೇ ಹೊರತು ಬರೆಯುವ ಕ್ಷಣದಲ್ಲಿರಲಿಲ್ಲ. ೧೯೯೭ರ ಪೂರ್ವಶರತ್ತಿನ ತತ್ತ್ವ ಎಚ್ಚರಿಸಿದ್ದುದು ಇದನ್ನೇ.

೭

ಈ ನಿದರ್ಶನಗಳಿಂದ ಸ್ವಯಂಚಾಲನೆ ಬೇಡವೆಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಫೀನ್ಲರ್ ಅವರ ಕಚೇರಿಗೆ ಹಿಂದಿರುಗಲು ದಾರಿಯಿಲ್ಲ. ಅಷ್ಟು ಹೆಸರುಗಳನ್ನು ಬರೆಯುವ ಕೈಗಳೂ ಇಲ್ಲ. ನಾವು ಹೇಳಬಯಸುವುದು ಇಷ್ಟೇ. ಮೊದಲ ಪಟ್ಟಿಯಲ್ಲಿ ತಡೆಯುವ ಅಧಿಕಾರಕ್ಕೆ ಪ್ರತ್ಯೇಕ ಏರ್ಪಾಡು ಬೇಕಿರಲಿಲ್ಲ. ನಿಧಾನವೇ ಅದರ ಕಾವಲಾಗಿದ್ದಿತು. ಯಂತ್ರ ಆ ನಿಧಾನವನ್ನು ತೆಗೆದುಹಾಕಿತು. ಹೋದ ಕಾವಲಿನ ಸ್ಥಾನದಲ್ಲಿ ಮತ್ತೊಂದನ್ನು ತಿಳಿದೇ ಕಟ್ಟಬೇಕಾಗುತ್ತದೆ: ಬರೆಯುವ ಕ್ಷಣದಲ್ಲಿ ಪರೀಕ್ಷೆ, ಬದಲಾವಣೆಯ ಪ್ರಮಾಣಕ್ಕೆ ಮಿತಿ, ಏನು ಬದಲಾಯಿತೆಂಬುದಕ್ಕೆ ದಾಖಲೆ, ಯಂತ್ರ ಕೈಚೆಲ್ಲಿದಾಗ ವಲಯವನ್ನು ಓದಿ ತಿದ್ದಬಲ್ಲ ಮನುಷ್ಯ. ಇವುಗಳಲ್ಲಿ ಕೊನೆಯದು ಎಲ್ಲಕ್ಕಿಂತ ಸುಲಭವಾಗಿ ಇಲ್ಲವಾಗುವುದು. ಏಕೆಂದರೆ ಪ್ರತಿದಿನವೂ ಯಂತ್ರ ಮಾಡುವ ಕೆಲಸವನ್ನು ಮನುಷ್ಯ ಕಾಲಕ್ರಮದಲ್ಲಿ ಮರೆಯುತ್ತಾನೆ. ಕಾಲೇಜುಗಳಲ್ಲಿ ಈ ವಿಷಯವನ್ನು ಕಲಿಸುವವರು ಸಾಧನಗಳ ಬಳಕೆಯ ಜೊತೆಗೆ ವಲಯದ ಕಡತವನ್ನು ಸಾಲುಸಾಲಾಗಿ ಓದುವುದನ್ನೂ ಕಲಿಸಿದರೆ, ಅದು ಹಳೆಯದರ ಮೇಲಿನ ವ್ಯಾಮೋಹವಾಗದು. ಮುಂದಿನ ರಾತ್ರಿಯ ಸಿದ್ಧತೆಯಾದೀತು.